ಸರ್ವರ್ ರೀಬೂಟ್ ಆದ ಮೇಲೆ ಡಿಸ್ಕ್ ಕಾಣದಿದ್ದರೆ ಡೇಟಾ ಹೋಯಿತು ಎಂದರ್ಥವೇ?

ಬ್ಯಾಂಕಿನಲ್ಲೋ ಆಸ್ಪತ್ರೆಯ ಕೌಂಟರಿನಲ್ಲೋ "ಸರ್ವರ್ ಡೌನ್" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದರ ಹಿಂದೆಯೇ ಇನ್ನೊಂದು ಮಾತೂ ಹರಡುತ್ತದೆ: "ರೀಬೂಟ್ ಮಾಡಿದರು, ಡಿಸ್ಕ್ ಕಾಣ್ತಾ ಇಲ್ಲ, ಡೇಟಾ ಎಲ್ಲ ಹೋಯ್ತು!" ಇದು ಎಷ್ಟು ನಿಜ?

ಚುಟುಕು ಉತ್ತರ: ಕಾಣದ ಡಿಸ್ಕ್ ಎಂದರೆ ಅಳಿದ ಡಿಸ್ಕ್ ಅಲ್ಲ. ಡಿಸ್ಕಿನ ಹೆಸರು ಬದಲಾಗಿದ್ದರೂ ಹೀಗಾಗುತ್ತದೆ.

ಒಂದೇ ಡಿಸ್ಕ್, ಹಲವು ದಾರಿ

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರು ಮಾಡಿದಾಗ ಮನೆಮನೆಯಿಂದ ಬಂದ ಎರಡಾಣೆಯ ಲೆಕ್ಕವೂ ಪುಸ್ತಕದಲ್ಲಿರುತ್ತಿತ್ತು. ಇಂದು ಅಂಥ ಲೆಕ್ಕವೆಲ್ಲ ಡಿಸ್ಕ್‌ಗಳಲ್ಲಿದೆ. ದೊಡ್ಡ ಸಂಸ್ಥೆಗಳಲ್ಲಿ ಈ ಡಿಸ್ಕ್‌ಗಳು ಸಾಮಾನ್ಯವಾಗಿ ಸರ್ವರ್‌ನ ಒಳಗಿರುವುದಿಲ್ಲ. 'ಸ್ಟೋರೇಜ್' ಎಂಬ ಬೇರೆಯೇ ಪೆಟ್ಟಿಗೆಯಲ್ಲಿರುತ್ತವೆ. ಒಂದು ಕೇಬಲ್ ಕೆಟ್ಟರೂ ಕೆಲಸ ನಿಲ್ಲಬಾರದೆಂದು ಎರಡರ ನಡುವೆ ಹಲವು ದಾರಿಗಳನ್ನು ಇಡುತ್ತಾರೆ. ಇದೇ ಮಲ್ಟಿಪಾತ್.

ಕಾಪುವಿನಿಂದ ಕಾರ್ಕಳಕ್ಕೆ ಪಡುಬಿದ್ರಿ, ಬೆಳ್ಮಣ್ ಮೂಲಕ ಹೋಗಬಹುದು. ಉಡುಪಿ, ಮಣಿಪಾಲ, ಹಿರಿಯಡ್ಕ ಮೂಲಕವೂ ಹೋಗಬಹುದು. ಮಳೆಗಾಲದಲ್ಲಿ ಒಂದು ರಸ್ತೆಗೆ ಮರ ಬಿದ್ದರೆ ಇನ್ನೊಂದು ಇದೆ. ದಾರಿ ಎರಡಾದರೂ ಊರು ಒಂದೇ ಎಂದು ನಮಗೆ ಗೊತ್ತು. ಆದರೆ ಲಿನಕ್ಸ್‌ಗೆ ಅದನ್ನು ಹೇಳಿಕೊಡಬೇಕು. ನಾಲ್ಕು ದಾರಿಗಳಿದ್ದರೆ ಅದು ಒಂದೇ ಡಿಸ್ಕನ್ನು ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ ಎಂದು ನಾಲ್ಕಾಗಿ ತೋರಿಸುತ್ತದೆ. ಈ ನಾಲ್ಕನ್ನೂ ಒಂದೇ ಹೆಸರಿನಡಿ ತರುವುದು 'ಮಲ್ಟಿಪಾತ್‌ಡಿ' ಎಂಬ ಸೇವೆ.

ಹೆಸರು ಬದಲಾಗುವುದು ಏಕೆ?

ಎಸ್‌ಡಿಬಿ, ಎಸ್‌ಡಿಸಿ ಇವು ಬ್ಯಾಂಕಿನ ಟೋಕನ್ ಇದ್ದಂತೆ. ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದಕ್ಕೆ ಮೊದಲ ಅಕ್ಷರ. ಮುಂದಿನ ರೀಬೂಟ್‌ನಲ್ಲಿ ಸರದಿ ಬದಲಾಗಬಹುದು. ಡಿಸ್ಕಿಗೆ ಖಾತೆ ಸಂಖ್ಯೆಯಂಥ ಇನ್ನೊಂದು ಗುರುತಿದೆ, ಅದೇ 'ಡಬ್ಲ್ಯುಡಬ್ಲ್ಯುಐಡಿ'. ಇದು ಯಾವ ದಾರಿಯಿಂದ ನೋಡಿದರೂ, ಎಷ್ಟು ಸಲ ರೀಬೂಟ್ ಮಾಡಿದರೂ ಬದಲಾಗದು. ನಂಬಬೇಕಾದ್ದು ಇದನ್ನೇ.

ಹೆಸರು ಉಳಿಯಲು ಏನು ಮಾಡಬೇಕು?

1. ಮಲ್ಟಿಪಾತ್‌ಡಿ ಸೇವೆಯನ್ನು 'ಸ್ಟಾರ್ಟ್' ಮಾಡಿದರೆ ಸಾಲದು, 'ಎನೇಬಲ್' ಕೂಡ ಮಾಡಬೇಕು. ಇಲ್ಲದಿದ್ದರೆ ಮುಂದಿನ ರೀಬೂಟ್‌ನಲ್ಲಿ ಅದು ತಾನಾಗಿ ಏಳದಿರಬಹುದು.

2. ಮಲ್ಟಿಪಾತ್ ಡಾಟ್ ಕಾನ್ಫ್ ಕಡತದಲ್ಲಿ ಡಬ್ಲ್ಯುಡಬ್ಲ್ಯುಐಡಿ ಬರೆದು, ಅದಕ್ಕೆ 'ಅಲಿಯಾಸ್' ಆಗಿ ನಾವೇ ಒಂದು ಹೆಸರಿಡಬೇಕು. ತಾನಾಗಿ ಸಿಗುವ 'ಎಂಪಾತ್‌ಎ' ಎಂಬಂಥ ಹೆಸರುಗಳು ಆಯಾ ಸರ್ವರ್‌ನ 'ಬೈಂಡಿಂಗ್ಸ್' ಕಡತದಲ್ಲಿರುತ್ತವೆ. ಇನ್ನೊಂದು ಸರ್ವರ್‌ನಲ್ಲಿ ಅದೇ ಡಿಸ್ಕಿಗೆ ಬೇರೆ ಹೆಸರು ಇರಬಹುದು.

3. ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ 'ಇನಿಟ್‌ರಾಮ್‌ಎಫ್‌ಎಸ್' ಹಳೆಯದಾಗಿದ್ದರೆ ಅದಕ್ಕೆ ಹೊಸ ಹೆಸರು ಗೊತ್ತಿರುವುದಿಲ್ಲ. ರೆಡ್ ಹ್ಯಾಟ್ ಬಳಗದಲ್ಲಿ 'ಡ್ರಾಕಟ್' ಆದೇಶದಿಂದ, ಡೆಬಿಯನ್ ಮತ್ತು ಉಬುಂಟುವಿನಲ್ಲಿ 'ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್' ಆದೇಶದಿಂದ ಅದನ್ನು ಮತ್ತೆ ಕಟ್ಟಬೇಕು. ಹೆಚ್ಚಾಗಿ ಮರೆತುಹೋಗುವ ಹೆಜ್ಜೆ ಇದು.

4. 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಎಸ್‌ಡಿಬಿ ಎಂದು ಬರೆಯಬಾರದು. 'ಮ್ಯಾಪರ್' ಕೆಳಗಿರುವ ಅಲಿಯಾಸ್ ಹೆಸರನ್ನು ಕೊಡಬೇಕು. ಯುಯುಐಡಿ ಕೊಟ್ಟರಾಗದೇ? ನಾಲ್ಕೂ ದಾರಿಗಳಲ್ಲಿ ಕಾಣುವ ಯುಯುಐಡಿ ಒಂದೇ. ಮಲ್ಟಿಪಾತ್ ಇನ್ನೂ ಎದ್ದಿರದಿದ್ದರೆ ಡಿಸ್ಕ್ ಒಂದೇ ದಾರಿಯಲ್ಲಿ ಸದ್ದಿಲ್ಲದೆ ಮೌಂಟ್ ಆಗಬಹುದು. ಆ ಕೇಬಲ್ ಕೆಟ್ಟ ದಿನವೇ ವಿಷಯ ಗೊತ್ತಾಗುವುದು.

5. ಸ್ಟೋರೇಜ್ ಐ-ಸ್ಕಸಿ ಮೂಲಕ, ಅಂದರೆ ನೆಟ್‌ವರ್ಕ್ ಮೂಲಕ ಬರುತ್ತಿದ್ದರೆ ಅದರ ಲಾಗಿನ್ 'ಆಟೋಮ್ಯಾಟಿಕ್' ಆಗಿರಬೇಕು. ಎಫ್‌ಎಸ್‌ಟ್ಯಾಬ್‌ನ ಆ ಸಾಲಿನಲ್ಲಿ 'ನೆಟ್‌ಡೆವ್' ಆಯ್ಕೆ ಇರಬೇಕು. ಆಗ ನೆಟ್‌ವರ್ಕ್ ಬಂದ ಮೇಲೆಯೇ ಡಿಸ್ಕ್ ಮೌಂಟ್ ಆಗುತ್ತದೆ.

ಇಷ್ಟಾದ ಮೇಲೆ, ಕೆಲಸದ ಒತ್ತಡ ಇಲ್ಲದ ಹೊತ್ತಿನಲ್ಲಿ ಒಮ್ಮೆ ರೀಬೂಟ್ ಮಾಡಿ ನೋಡಲೇಬೇಕು.

ನಿಜವಾದ ಅಪಾಯ ಎಲ್ಲಿದೆ?

ಅಪಾಯವಿರುವುದು ಗಾಬರಿಯಲ್ಲಿ. ಹೆಸರು ಬದಲಾದ ಡಿಸ್ಕನ್ನು "ಹೊಸದು, ಖಾಲಿ" ಎಂದು ತಿಳಿದು ಫಾರ್ಮ್ಯಾಟ್ ಮಾಡಿದರೆ ದಾಖಲೆಗಳು ನಿಜಕ್ಕೂ ಹೋಗುತ್ತವೆ. ಮೊದಲು 'ಮಲ್ಟಿಪಾತ್' ಆದೇಶಕ್ಕೆ 'ಎಲ್‌ಎಲ್' ಆಯ್ಕೆ ಸೇರಿಸಿ ಪಟ್ಟಿ ನೋಡಬೇಕು. ಡಬ್ಲ್ಯುಡಬ್ಲ್ಯುಐಡಿ ಹಳೆಯದೇ ತಾನೆ? ದಾರಿಗಳು ನಾಲ್ಕೂ ಇವೆಯೇ? ಇವೆರಡು ಖಚಿತವಾಗುವವರೆಗೆ ಡಿಸ್ಕ್ ಮುಟ್ಟಬಾರದು.

ಇನ್ನೊಂದು ತಪ್ಪು ನಂಬಿಕೆ: "ಮಲ್ಟಿಪಾತ್ ಇದೆ, ಬ್ಯಾಕಪ್ ಬೇಡ." ದಾರಿ ನಾಲ್ಕಿದ್ದರೂ ಡಿಸ್ಕ್ ಒಂದೇ. ಒಂದು ದಾರಿಯಲ್ಲಿ ಅಳಿಸಿದ್ದು ನಾಲ್ಕೂ ದಾರಿಗಳಲ್ಲಿ ಅಳಿದಂತೆಯೇ. ಬ್ಯಾಕಪ್ ಬೇರೆಯೇ ಇರಬೇಕು.

ಹಾಗಾಗಿ "ರೀಬೂಟ್‌ನಿಂದ ಎಲ್ಲ ಹೋಯ್ತು" ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ತುಸು ತಡೆಯಿರಿ. ನಿಮ್ಮ ಬಳಗದಲ್ಲಿ ಸರ್ವರ್ ನೋಡಿಕೊಳ್ಳುವವರಿದ್ದರೆ, ಅದರ ಬದಲು ಇದನ್ನು ಕಳಿಸಿ.