ಶಿಶುಗಳ ಶ್ವಾಸನಾಳ ಸಂಕೋಚನ

ಧ್ವನಿತಂತುಗಳ ಕೆಳಗಿನಿಂದ ಮೊದಲ್ಗೊಂಡು ಶ್ವಾಸಕೋಶಗಳತ್ತ ಕವಲೊಡೆಯುವ ತನಕ ಗಾಳಿಯ ಹಾದಿಯು, ಹುಟ್ಟಿನಿಂದಲೇ ಆಗಲಿ ತರುವಾಯದ ಗಾಯದ ಕಲೆಯಿಂದಾಗಲಿ, ಇರತಕ್ಕ ಅಗಲಕ್ಕಿಂತ ಕಿರಿದಾಗಿರುವ ಸ್ಥಿತಿ. ವಯಸ್ಕರಲ್ಲಿ ಗಮನಕ್ಕೂ ಬಾರದಂಥ ಊತವು ಕೂಸಿನ ಪ್ರಾಣಕ್ಕೆ ಸಂಚಕಾರ ತರುವುದಕ್ಕೆ ಅಳತೆಯೇ ಕಾರಣ. 4 ಮಿ.ಮೀ. ವ್ಯಾಸದ ನಾಳದ ಒಳಗೋಡೆ ಸುತ್ತಲೂ 1 ಮಿ.ಮೀ. ಊದಿಕೊಂಡರೆ ಗಾಳಿ ಹಾಯುವ ಕ್ಷೇತ್ರದಲ್ಲಿ ಕಾಲು ಪಾಲು ಮಾತ್ರ ಉಳಿದು, ಸಮಪ್ರವಾಹದಲ್ಲಿಯೂ ಪ್ರತಿರೋಧವು 16 ಪಟ್ಟಾಗುತ್ತದೆ. ಧ್ವನಿತಂತುಗಳ ಕೆಳಗೆ ಈ ಹಾದಿಯನ್ನು ಬಳಸಿರುವ ಕ್ರಿಕಾಯ್ಡ್ ಮೃದ್ವಸ್ಥಿಯು ಪೂರ್ಣ ಉಂಗುರವಾದುದರಿಂದ ಊತಕ್ಕೆ ಹೊರಗೆ ಹಿಗ್ಗಲು ಎಡೆಯಿಲ್ಲ.

ಹುಟ್ಟಿನಿಂದ ಬರುವ ಬಗೆಗಳಲ್ಲಿ ಕಠಿನತಮವಾದುದು ಪೂರ್ಣ ಉಂಗುರಗಳ ದೋಷ. ಹಿಂಬದಿಯಲ್ಲಿ ಮೃದುವಾದ ಪೊರೆಯಿಂದ ಕೂಡಿರಬೇಕಾದ ನಾಳದ ಉಂಗುರಗಳು ಇಲ್ಲಿ ಸುತ್ತಲೂ ಮೃದ್ವಸ್ಥಿಯಾಗಿಯೇ ಮುಚ್ಚಿಕೊಂಡಿರುತ್ತವೆ. ಎಡ ಶ್ವಾಸಕೋಶದ ಅಪಧಮನಿಯು ದಾರಿ ತಪ್ಪಿ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಹಾದುಹೋಗುವ ವೈಕಲ್ಯವು ಅನೇಕ ವೇಳೆ ಇದರ ಜೊತೆಗಿರುವುದರಿಂದ, ಹೃದಯದ ಪರೀಕ್ಷೆಯನ್ನು ಬಿಡುವಂತಿಲ್ಲ. ಗಳಿಸಿಕೊಂಡ ಸಂಕೋಚನವಾದರೋ ಬಹುಮಟ್ಟಿಗೆ ಚಿಕಿತ್ಸೆಯ ಫಲವೇ. 1965ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್ ಎಂಬ ವೈದ್ಯರು ಮೂಗಿನ ಮೂಲಕ ಉಸಿರುಕೊಳವೆಯನ್ನು ದೀರ್ಘಕಾಲ ಇರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ದಿನ ತುಂಬದ ಶಿಶುಗಳು ಅಸಂಖ್ಯವಾಗಿ ಬದುಕಿಕೊಂಡವು. ಕೊಳವೆಯ ಒತ್ತಡದಿಂದ ರಕ್ತಸಂಚಾರ ಕುಂಠಿತವಾಗಿ, ಹುಣ್ಣಾಗಿ, ಮಾಯುವಾಗ ಕಲೆಗಟ್ಟಿದ ಗಂಟಲುಗಳೂ ಅವುಗಳ ಜೊತೆಯಲ್ಲಿಯೇ ಬಂದವು. ಇದು ಆ ವಿಧಾನದ ಮೇಲೆ ಹೊರಿಸುವ ಅಪವಾದವಲ್ಲ, ಕೊಳವೆಯ ಗಾತ್ರವನ್ನು ಆರಿಸುವ ಕೈಗೆ ಹೇಳುವ ಎಚ್ಚರಿಕೆ.

ರೋಗನಿದಾನವು ಕಿವಿಯಿಂದ ಆರಂಭವಾಗತಕ್ಕದ್ದು. ಶಿಶುಗಳಲ್ಲಿ ಗೊರಗೊರ ಸದ್ದಿಗೆ ಅತಿ ಸಾಮಾನ್ಯ ಕಾರಣವಾದ ಧ್ವನಿಪೆಟ್ಟಿಗೆಯ ಮೆದುತನದಲ್ಲಿ ಸದ್ದು ಉಸಿರೆಳೆಯುವಾಗ ಕೇಳಿಸುತ್ತದೆ. ಧ್ವನಿತಂತುಗಳ ಕೆಳಗಣ ಸ್ಥಿರವಾದ ಸಂಕೋಚನದಲ್ಲಿಯೋ ಉಸಿರೆಳೆಯುವಾಗಲೂ ಬಿಡುವಾಗಲೂ ಕೇಳಿಸುವುದುಂಟು. ಎದೆಗೂಡಿನ ಕೆಳಗೆ ಚರ್ಮ ಗುಳಿಬೀಳುವುದು, ಹಾಲು ಕುಡಿಯುವಾಗ ಮತ್ತೆ ಮತ್ತೆ ಬಿಟ್ಟು ಏದುವುದು, ತೂಕ ಏರದಿರುವುದು, ಇವೆಲ್ಲ ಜೊತೆಯ ಲಕ್ಷಣಗಳು. ಬೊಗಳುವ ದನಿಯ ಕೆಮ್ಮಿನೊಡನೆ ಬರುವ ಕ್ರೂಪ್ (ನಾಯಿಕೆಮ್ಮು ಇದಕ್ಕಿಂತ ಬೇರೆ) ಆರು ತಿಂಗಳೊಳಗಿನ ಮಗುವಿಗೆ ಬಂದರೆ, ಅಥವಾ ಪದೇ ಪದೇ ಮರುಕಳಿಸಿದರೆ, ಸಂಕೋಚನವನ್ನು ಶಂಕಿಸಬೇಕು. ಉಬ್ಬಸವೆಂದು ಬಗೆದು ತಿಂಗಳುಗಟ್ಟಲೆ ಔಷಧಿಯನ್ನು ಸೇದಿಸುತ್ತ ಕಾಲ ಕಳೆಯುವುದೇ ಇಲ್ಲಿ ನಡೆಯುವ ದೊಡ್ಡ ಪ್ರಮಾದ.

ನಿರ್ಣಯಕ್ಕೆ ಕಣ್ಣಾರೆ ಕಾಣುವುದೇ ಪ್ರಮಾಣ. ಅರಿವಳಿಕೆಯಲ್ಲಿ ಮಗು ತಾನಾಗಿ ಉಸಿರಾಡುತ್ತಿರುವಂತೆಯೇ ದರ್ಶಕವನ್ನು ಇಳಿಸಿ, ಕಲೆಯ ಸ್ಥಳ, ಉದ್ದ, ಮೆದುತನಗಳನ್ನು ನೋಡುತ್ತಾರೆ; ಬಳಿಕ ಗೊತ್ತಾದ ಗಾತ್ರದ ಕೊಳವೆಗಳನ್ನು ಒಂದೊಂದಾಗಿ ಹಾಕಿ, ಅಲ್ಪ ಒತ್ತಡಕ್ಕೆ ಯಾವುದರ ಸುತ್ತ ಗಾಳಿ ಸೋರುತ್ತದೆಂದು ಪರೀಕ್ಷಿಸಿ, ವಯಸ್ಸಿಗೆ ತಕ್ಕ ಗಾತ್ರದೊಡನೆ ಹೋಲಿಸುತ್ತಾರೆ. 1994ರ ಮಯರ್–ಕಾಟನ್ ಶ್ರೇಣಿಯಂತೆ ಶೇ. 50ರವರೆಗಿನ ಅಡಚಣೆ ಮೊದಲನೆಯದು, 51–70 ಎರಡನೆಯದು, 71–99 ಮೂರನೆಯದು, ದ್ವಾರವೇ ಇಲ್ಲದಿದ್ದರೆ ನಾಲ್ಕನೆಯದು. ಎದೆಯೊಳಗಿನ ನಾಳಕ್ಕೂ ರಕ್ತನಾಳಗಳಿಗೂ ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ.

ಮೊದಲೆರಡು ಶ್ರೇಣಿಗಳ ಎಷ್ಟೋ ಮಕ್ಕಳಿಗೆ ಬೆಳವಣಿಗೆಯೇ ಮದ್ದು. ಜಠರದ ಆಮ್ಲ ಮೇಲೇರುವುದನ್ನು ತಡೆದು ಕಾಯುವುದು ಯುಕ್ತ. ಹೊಸ ಕಲೆಯನ್ನು ಬಲೂನಿನಿಂದ ಹಿಗ್ಗಿಸಬಹುದು; ಬಲಿತ ಕಲೆಗೆ ಕ್ರಿಕಾಯ್ಡನ್ನು ಸೀಳಿ, ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿಯನ್ನು ಸೇರಿಸಿ ಅಗಲಿಸುವುದು ರೂಢಿ. ಪೂರ್ಣ ಉಂಗುರಗಳ ನೀಳ ಸಂಕೋಚನಕ್ಕೆ ಲಂಡನ್ನಿನ ತ್ಸಾಂಗ್, ಗೋಲ್ಡ್‌ಸ್ಟ್ರಾ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ ಜಾರಿಕೆಯ ಶಸ್ತ್ರಕ್ರಿಯೆಯು ಈ ಕ್ಷೇತ್ರದ ಅತ್ಯಂತ ಸುಂದರ ಯುಕ್ತಿಯೆನ್ನಬಹುದು. ಕಿರಿದಾದ ಭಾಗವನ್ನು ನಡುವೆ ಅಡ್ಡಲಾಗಿ ತುಂಡರಿಸಿ, ಒಂದು ತುಂಡಿನ ಮುಂಗೋಡೆಯನ್ನೂ ಇನ್ನೊಂದರ ಹಿಂಗೋಡೆಯನ್ನೂ ಉದ್ದಕ್ಕೆ ಸೀಳಿ, ಒಂದರ ಮೇಲೊಂದನ್ನು ಜಾರಿಸಿ ಹೊಲಿದರೆ ಆ ಭಾಗದ ಉದ್ದ ಅರ್ಧವಾಗುತ್ತದೆ, ಸುತ್ತಳತೆ ಇಮ್ಮಡಿಯಾಗುತ್ತದೆ. ಪರಕೀಯ ವಸ್ತುವೇನೂ ಬೇಕಿಲ್ಲ.

ಇವಾವುವೂ ಕೂಡಲೇ ಸಾಧ್ಯವಾಗದಿದ್ದಲ್ಲಿ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆಯಿಡಬೇಕಾಗುತ್ತದೆ. ಅಡಚಣೆ ಎದೆಯೊಳಗಿನ ನಾಳದಲ್ಲಿದ್ದರೆ ಇದರಿಂದ ಪ್ರಯೋಜನವಾಗದಿರಬಹುದು. ಕೊಳವೆಯ ಮೂಲಕ ಉಸಿರಾಡುವ ಮಗುವಿನ ಅಳು ಅನೇಕ ವೇಳೆ ಕೇಳಿಸದು. ಆದಕಾರಣ ಮನೆಯವರು ಅದನ್ನು ಕಣ್ಣಳತೆಯಲ್ಲಿಯೇ ಇಟ್ಟುಕೊಂಡು, ಕಫ ಹೀರುವ ಯಂತ್ರವನ್ನೂ ಅದೇ ಗಾತ್ರದ ಒಂದು, ಅದಕ್ಕಿಂತ ಕಿರಿದಾದ ಒಂದು, ಹೀಗೆ ಎರಡು ಕೊಳವೆಗಳನ್ನೂ ಸದಾ ಕೈಗೆಟುಕುವಂತೆ ಇರಿಸಿಕೊಳ್ಳಬೇಕು. ಕೊಳವೆ ಬದಲಿಸುವುದನ್ನು ಮನೆಯ ಇಬ್ಬರಾದರೂ ಆಸ್ಪತ್ರೆ ಬಿಡುವ ಮುನ್ನ ಕೈಯಾರೆ ಕಲಿತಿರಬೇಕು.