ಮೋಡದ ಶನಿವಾರ, ಮೊರಾಕೊ ಮ್ಯಾಚು, ದೇಶವಿಲ್ಲದ ತಂಡ

ಇವತ್ತು 2022ರ ಡಿಸೆಂಬರ್ 10ರಿಂದ ಶುರು ಮಾಡೋಣ. ಎರಡನೇ ಶನಿವಾರ. ಹಿಂದಿನ ರಾತ್ರಿ ಮ್ಯಾಂಡಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ದಾಟಿತ್ತು. ಸಮುದ್ರ ಎಲ್ಲೋ, ನಮ್ಮ ಹುಣಸೂರು ಎಲ್ಲೋ. ಆದ್ರೂ ಆವತ್ತು ನಮ್ಮಲ್ಲಿ ಬಿಸಿಲು ಅನ್ನೋದೇ ಬರಲಿಲ್ಲ. ಜಿಟಿಜಿಟಿ ಸೋನೆ, ಬಾಗಿಲು ತೆಗೆದ್ರೆ ಕೊರೆಯೋ ಗಾಳಿ. ಕುಯ್ದು ಮೆದೆ ಹಾಕಿದ್ದ ರಾಗಿಗೆ ನೀರಿಳಿಯುತ್ತೆ ಅಂತ ಅಪ್ಪ ಟಾರ್ಪಾಲು ಹಿಡ್ಕೊಂಡು ಮೂರು ಸಲ ಹೊಲಕ್ಕೆ ಹೋಗಿ ಬಂದ್ರು. ನಾನು ಮೊದಲನೇ ಸಲ ಮಾತ್ರ ಜೊತೆಗೆ ಹೋದೆ. ಆಮೇಲೆ ರಗ್ಗು ಹೊದ್ಕೊಂಡು ಫುಟ್‌ಬಾಲ್.

ಕಾರಣ ಇತ್ತು. ಹಿಂದಿನ ರಾತ್ರಿ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಪೆನಾಲ್ಟಿಯಲ್ಲಿ ಸೋತಿತ್ತು. ಅದಾದ್ಮೇಲೆ ನಡುರಾತ್ರಿ ಅರ್ಜೆಂಟೀನಾ–ನೆದರ್ಲೆಂಡ್ಸ್, ಅದೂ ಪೆನಾಲ್ಟಿಗೇ ಹೋಯ್ತು. ಮಲಗಿದಾಗ ಮೂರು ಗಂಟೆ ದಾಟಿತ್ತು. ಎದ್ದವನು ಇಡೀ ಹಗಲು ಮೊಬೈಲಲ್ಲಿ ಅವೇ ಗೋಲುಗಳನ್ನ ಮತ್ತೆ ಮತ್ತೆ ನೋಡಿದೆ. ರಾತ್ರಿ ಎಂಟೂವರೆಗೆ ಮೊರಾಕೊ–ಪೋರ್ಚುಗಲ್. 42ನೇ ನಿಮಿಷದಲ್ಲಿ ಎನ್-ನೆಸಿರಿ ಆಕಾಶಕ್ಕೆ ನೆಗೆದು ತಲೆ ಕೊಟ್ಟ, 1–0. ಆಫ್ರಿಕಾದ ಒಂದು ತಂಡ ಮೊದಲ ಸಲ ವಿಶ್ವಕಪ್ ಸೆಮಿಫೈನಲ್‌ಗೆ ಬಂತು. ರೊನಾಲ್ಡೊ ಅಳ್ತಾ ಒಳಗೆ ಹೋದ.

ನಾನು ಗ್ರೂಪಲ್ಲಿ ಮೊರಾಕೊ ಬಾವುಟ ಹಾಕಿದೆ. ಬಿ.ಕಾಂನಲ್ಲಿ ನನ್ನ ಪಕ್ಕದ ಬೆಂಚಲ್ಲಿ ಕೂರ್ತಿದ್ದ ಬೈಲಕುಪ್ಪೆಯ ಗೆಳೆಯ ತಕ್ಷಣ ಮೆಸೇಜ್ ಮಾಡ್ದ: "ನಮಗೂ ಒಂದು ನ್ಯಾಷನಲ್ ಟೀಮ್ ಇದೆ ಕಣೋ, ಗೊತ್ತಾ?"

ಗೊತ್ತಿರ್ಲಿಲ್ಲ. ಮೂರು ವರ್ಷ ಜೊತೆಗೆ ಓದಿದ್ದೀವಿ, ಅವನ ಊರು ನಮ್ಮೂರಿಂದ ಬಸ್ಸಲ್ಲಿ ಒಂದು ಗಂಟೆ. ಗೋಲ್ಡನ್ ಟೆಂಪಲ್‌ಗೆ ನೆಂಟರನ್ನ ಎಷ್ಟು ಸಲ ಕರ್ಕೊಂಡು ಹೋಗಿದ್ದೀನೋ ಲೆಕ್ಕ ಇಲ್ಲ. ಅಲ್ಲಿ ಮೊಮೊ ತಿಂದಿದ್ದೀನಿ, ಫೋಟೊ ತೆಗೆಸ್ಕೊಂಡಿದ್ದೀನಿ. ಈ ವಿಷಯ ಮಾತ್ರ ಕೇಳಿರ್ಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದ್ರು, ಅವರ ಹಿಂದೆ ಸಾವಿರಾರು ಜನ. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಜಮೀನು ಕೊಟ್ಟಿತು. 1960ರ ಕೊನೆಯ ಹೊತ್ತಿಗೆ ಮೊದಲ ತಂಡಗಳು ಬಂದವು. ಹಿಮದ ನಾಡಿನ ಜನ ನಮ್ಮ ಕಡೆಯ ಸೆಖೆಯಲ್ಲಿ ಮರ ಕಡಿದು, ಆನೆ ಕಾದು, ಜೋಳ ಬೆಳೆಯೋದು ಕಲಿತ್ರು. 1961ರಲ್ಲಿ ಲುಗ್ಸುಂ ಸಂದುಪ್ಲಿಂಗ್ ವಸಾಹತು ಆಯ್ತು, 1969ರಲ್ಲಿ ಅದರ ಪಕ್ಕದಲ್ಲೇ ಡಿಕ್ಕಿ ಲಾರ್ಸೊ. ನಾವು ಅದನ್ನೆಲ್ಲ ಬರೀ 'ಕ್ಯಾಂಪು' ಅಂತೀವಿ. ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದಿದೆ.

ಇವರಿಗೆ ಫುಟ್‌ಬಾಲ್ ಇಲ್ಲಿ ಬಂದ ಮೇಲೆ ಅಂಟಿದ್ದಲ್ಲ. ಬ್ರಿಟಿಷರ ಜೊತೆ ಚೆಂಡೂ ಟಿಬೆಟ್‌ಗೆ ಹೋಗಿತ್ತು. 1936ರಲ್ಲಿ ಲಾಸಾಕ್ಕೆ ಹೋದ ಬ್ರಿಟಿಷ್ ನಿಯೋಗದವರು 'ಮಿಷನ್ ಮಾರ್ಮಟ್ಸ್' ಅಂತ ತಂಡ ಕಟ್ಕೊಂಡು ಊರಿನವರ ಜೊತೆ ಆಡ್ತಿದ್ರು. ಆಮೇಲೆ ಒಂದು ತಮಾಷೆ ಆಯ್ತು. ಆಸ್ಟ್ರಿಯಾದ ಹೈನ್ರಿಚ್ ಹ್ಯಾರರ್ ಬರೆದಿರೋ ಪ್ರಕಾರ, ಮ್ಯಾಚ್ ನಡೀತಿರುವಾಗ ಆಲಿಕಲ್ಲು ಮಳೆ ಸುರೀತು. ಇದು ಅಪಶಕುನ ಅಂತ ಫುಟ್‌ಬಾಲನ್ನೇ ನಿಷೇಧಿಸಿಬಿಟ್ರು! ನಮ್ಮಪ್ಪನಿಗೆ ಆವತ್ತು ಇದನ್ನ ಹೇಳಿದ್ರೆ ಖಂಡಿತ ಒಪ್ತಿದ್ರು.

ವಿಚಿತ್ರ ಅಂದ್ರೆ ಸ್ವಂತ ನೆಲದಲ್ಲಿ ನಿಂತುಹೋದ ಆಟ ಕ್ಯಾಂಪುಗಳಲ್ಲಿ ಬೆಳೀತು. 1981ರಲ್ಲಿ ದಲೈ ಲಾಮಾ ಅವರ ತಾಯಿ ತೀರಿಕೊಂಡ್ರು. ಅವರ ನೆನಪಿಗೆ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್ ಶುರುವಾಯ್ತು. ಬೈಲಕುಪ್ಪೆ, ಮುಂಡಗೋಡ, ಧರ್ಮಶಾಲಾ, ಹೀಗೆ ದೇಶದ ಮೂಲೆಮೂಲೆಯ ಕ್ಯಾಂಪುಗಳ ಹುಡುಗರು ಒಂದು ಕಡೆ ಸೇರೋ ಟೂರ್ನಮೆಂಟು. ನಮಗೆ ಜಾತ್ರೆ ಹೇಗೋ ಅವರಿಗೆ ಅದು ಹಾಗೆ.

ಈಗ 2001, ಜೂನ್ 30, ಕೋಪನ್‌ಹೇಗನ್. ಭಾರತ, ನೇಪಾಳದ ಕ್ಯಾಂಪುಗಳಲ್ಲಿ ಬೆಳೆದ ಹುಡುಗರು ಟಿಬೆಟ್ ಅಂತ ಜೆರ್ಸಿ ಹಾಕ್ಕೊಂಡು ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದ್ರು. ಎದುರಾಳಿ ಗ್ರೀನ್‌ಲೆಂಡ್, ಅದೂ ಫಿಫಾ ಸದಸ್ಯ ಅಲ್ಲ. ಮೈಕಲ್ ನೈಬ್ರಾಂಟ್ ಅನ್ನೋ ಡೆನ್ಮಾರ್ಕಿನ ಯುವಕ ಓಡಾಡಿ ಮಾಡಿಸಿದ ಮ್ಯಾಚು. ಚೀನಾ ಗರಂ ಆಯ್ತು. ಮ್ಯಾಚ್ ಆದ್ರೆ ಗ್ರೀನ್‌ಲೆಂಡಿನ ಸೀಗಡಿ ತಗೊಳ್ಳಲ್ಲ ಅನ್ನೋ ಮಟ್ಟಕ್ಕೆ ಒತ್ತಡ ಬಂತು. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ತೊಂಬತ್ತು ನಿಮಿಷದ ಆಟಕ್ಕೆ ಇಷ್ಟು ದೊಡ್ಡ ಬೆಲೆ ಕಟ್ಟಿದ್ದು ನಾನು ಬೇರೆಲ್ಲೂ ಓದಿಲ್ಲ. ಗ್ರೀನ್‌ಲೆಂಡ್ ಹೆದರಲಿಲ್ಲ, ಆಟ ನಡೀತು. ಮೊದಲ ಗೋಲ್ ಟಿಬೆಟ್‌ದೇ, ಲೋಬ್ಸಾಂಗ್ ನೋರ್ಬು ಹೊಡೆದ. ಕೊನೆಗೆ 4–1ರಿಂದ ಸೋತ್ರು. ಈ ಕಥೆ ಮೇಲೆ 'ದಿ ಫರ್ಬಿಡನ್ ಟೀಮ್' ಅಂತ ಡಾಕ್ಯುಮೆಂಟರಿ ಇದೆ.

ಫಿಫಾ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥ ಆಗಲ್ಲ. ವಿಶ್ವಸಂಸ್ಥೆಯಲ್ಲಿ 193 ದೇಶ, ಫಿಫಾದಲ್ಲಿ 211 ಸದಸ್ಯರು. ಆವತ್ತು ರಾತ್ರಿ ಎರಡನೇ ಮ್ಯಾಚ್ ಆಡಿದ ಇಂಗ್ಲೆಂಡ್ ವಿಶ್ವಸಂಸ್ಥೆಯಲ್ಲಿ ಪ್ರತ್ಯೇಕ ದೇಶವೇ ಅಲ್ಲ. ಫುಟ್‌ಬಾಲಲ್ಲಿ ಮಾತ್ರ ದೇಶ. ಟಿಬೆಟ್‌ಗೆ ಜಾಗ ಇಲ್ಲ. 2018ರಲ್ಲಿ ಲಂಡನ್ನಿನಲ್ಲಿ ಫಿಫಾ ಹೊರಗಿನ ತಂಡಗಳು ಸೇರಿ ತಮ್ಮದೇ ವಿಶ್ವಕಪ್ ಆಡಿದಾಗ ಅಲ್ಲಿ ಟಿಬೆಟ್ ಇತ್ತು. ಹಾಗಂತ ಮೊರಾಕೊ ಬಾವುಟ ಹಾಕಿದ್ದು ಅಷ್ಟು ಮುಗ್ಧ ಕೆಲಸ ಏನಲ್ಲ ಅಂತ ಆಮೇಲೆ ಗೊತ್ತಾಯ್ತು. ಮೊರಾಕೊ ಹಿಡಿತದಲ್ಲಿರೋ ಪಶ್ಚಿಮ ಸಹಾರಾದ ಜನರಿಗೂ ಫಿಫಾ ಹೊರಗಿನ ತಂಡವೇ ಗತಿ.

ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಮನೆಯಲ್ಲಿ ಒಬ್ಬನೇ ಇದ್ದ. ಚಳಿಗಾಲ ಬಂತು ಅಂದ್ರೆ ಅವರಪ್ಪ ಅಮ್ಮ ದೊಡ್ಡ ಊರಿಗೆ ಹೋಗಿ ಫುಟ್‌ಪಾತಲ್ಲಿ ಸ್ವೆಟರ್ ಅಂಗಡಿ ಹಾಕ್ತಾರೆ. ಲೂಧಿಯಾನದಿಂದ ಸಾಲಕ್ಕೆ ಮಾಲು ತಂದು, ಜನವರಿವರೆಗೆ ಮಾರಿ, ಲೆಕ್ಕ ತೀರಿಸಿ ವಾಪಸ್ ಬರೋದು. ಕ್ಯಾಂಪಿನ ಎಷ್ಟೋ ಮನೆಗಳು ಡಿಸೆಂಬರಲ್ಲಿ ಹೀಗೇ ಖಾಲಿ. "ಮಳೆ ಅಂದ್ರೆ ನಿಮಗೆ ಬೇಜಾರು, ನಮಗೆ ವ್ಯಾಪಾರ" ಅಂತ ನಕ್ಕ. ಹಗಲು ಕಾರ್ಯಕ್ರಮಕ್ಕೆ ಹೋಗಿ ಬಂದಿದ್ನಂತೆ. ಡಿಸೆಂಬರ್ 10, 1989ರಲ್ಲಿ ದಲೈ ಲಾಮಾ ನೊಬೆಲ್ ತಗೊಂಡ ದಿನ. ಪ್ರತಿ ವರ್ಷ ಆಚರಿಸ್ತಾರೆ.

ನೀನು ಟ್ರಯಲ್ಸ್‌ಗೆ ಯಾಕೆ ಹೋಗ್ಲಿಲ್ಲ ಅಂತ ಕೇಳ್ದೆ. ಕಾಲೇಜಲ್ಲಿ ನಮ್ಮ ರೈಟ್ ವಿಂಗ್ ಅವನೇ.

"ಆಡಬಹುದು ಕಣೋ. ಪಾಸ್‌ಪೋರ್ಟ್ ಎಲ್ಲಿದೆ? ನಿನ್ನ ಬೈಕಿಗೆ ಆರ್‌ಸಿ ಇದೆಯಲ್ಲ, ಹಾಗೆ ನಂಗೂ ಒಂದು ಆರ್‌ಸಿ. ಆಗಾಗ ರಿನ್ಯೂವಲ್ ಮಾಡಿಸ್ಬೇಕು."

ಅವನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಲ್ಲಿ. ಕನ್ನಡ ನನಗಿಂತ ಚೆನ್ನಾಗಿ ಬೈತಾನೆ. ಆ ಆರ್‌ಸಿ ಮೇಲೆ ಅವನು ವಿದೇಶಿ. ಹೊರದೇಶಕ್ಕೆ ಹೋಗ್ಬೇಕಂದ್ರೆ ಬೇರೆಯದೇ ಒಂದು ಹಳದಿ ಪುಸ್ತಕ, ಅದಕ್ಕೆ ವೀಸಾ ಸಿಗುತ್ತೋ ಇಲ್ವೋ ಕೇಳೋ ಹಾಗಿಲ್ಲ.

ಫೋನ್ ಇಟ್ಟ ಮೇಲೆ ಕೋಪನ್‌ಹೇಗನ್ ಮ್ಯಾಚಿನ ಕ್ಲಿಪ್ ಕಳಿಸ್ದ. ಮಸುಕು ಮಸುಕು ವಿಡಿಯೊ. ಅಜ್ಜಿ ಪಕ್ಕದಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದ್ರು.

"ಇವ್ರು ಕ್ಯಾಂಪಿನವ್ರಲ್ವೇನ್ಲಾ?"

"ಹೂಂ ಅಜ್ಜಿ."

"ಗೆದ್ರಾ?"

"ಇಲ್ಲ. ಆದ್ರೆ ಮೊದಲನೇ ಗೋಲು ಇವ್ರದೇ."

"ಮತ್ತೆ ಹಾಕು, ಸರಿಯಾಗಿ ಕಾಣ್ಲಿಲ್ಲ."

ಮತ್ತೆ ಹಾಕಿದೆ. ಹೊರಗೆ ಅಪ್ಪ ನಾಲ್ಕನೇ ಸಲ ಟಾರ್ಚ್ ಹುಡುಕ್ತಿದ್ರು. ಈ ಸಲ ನಾನೂ ಎದ್ದು ಚಪ್ಪಲಿ ಮೆಟ್ಕೊಂಡೆ.