ವಾಡಿ ಜಂಕ್ಷನ್ನಿನಿಂದ ಹಾಸ್ಟೆಲ್ ಗೋಡೆಯವರೆಗೆ

1874ರಲ್ಲಿ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಹಳಿಯ ಜೊತೆಜೊತೆಗೇ ತಂತಿ ಕಂಬಗಳೂ ಸಾಗಿದವು. ಅದಕ್ಕೆ ಮೂರು ವರ್ಷ ಮೊದಲೇ ಮುಂಬಯಿಯ ಕಡೆಯಿಂದ ಬಂದ ಮಾರ್ಗ ಶಹಾಬಾದ್, ವಾಡಿಗಳನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತ್ತು. ಚಿತ್ತಾಪುರ ಮತ್ತು ಸೇಡಂ ನಿಜಾಮರ ಮಾರ್ಗದ ಮೇಲೆ ಬಂದವು. ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ.

ಈ ಸೀಮೆಯಲ್ಲಿ ತಂತಿ ಎಳೆದದ್ದು ರೈಲಿಗಾಗಿ, ಸರ್ಕಾರದ ಕೆಲಸಕ್ಕಾಗಿ, ಶಹಾಬಾದ್ ಕಲ್ಲು ಮತ್ತು ಸಿಮೆಂಟಿನ ವ್ಯಾಪಾರಕ್ಕಾಗಿ. ಓದುವ ಮಕ್ಕಳ ಮೇಜಿನವರೆಗೆ ಅದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹಾಗೆಂದು ಇಲ್ಲಿ ಓದಿನ ಪರಂಪರೆಗೆ ಬರವಿತ್ತೆನ್ನುವಂತಿಲ್ಲ. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನ ದಂಡನಾಯಕ ಮಧುಸೂದನ ಕೊಟ್ಟ ದತ್ತಿಯ ವಿವರ ಹೇಳುತ್ತದೆ. ವೇದ ಓದುವ 200 ವಿದ್ಯಾರ್ಥಿಗಳ ಊಟ ವಸತಿ, ಶಾಸ್ತ್ರ ಓದುವವರ ವ್ಯವಸ್ಥೆ, ಉಪಾಧ್ಯಾಯರ ಜೀವನ ಎಲ್ಲವೂ ಅದರಲ್ಲಿವೆ. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕಗಳನ್ನು ಕಾಪಾಡುವವರು. ಒಂದು ಗ್ರಂಥಭಂಡಾರಕ್ಕೆ ಆರು ಜನರನ್ನು ನೇಮಿಸಿದವರಿಗೆ ಪುಸ್ತಕದ ಬೆಲೆಯ ಜೊತೆಗೆ ಅದನ್ನು ಓದುವವನ ಕೈಗೆ ತಲುಪಿಸುವ ಕೆಲಸದ ಬೆಲೆಯೂ ಗೊತ್ತಿತ್ತು.

ನಿಜಾಮರ ಕಾಲಕ್ಕೆ ಬರುವಷ್ಟರಲ್ಲಿ ಉನ್ನತ ಶಿಕ್ಷಣವೆಂದರೆ ರೈಲು ಹತ್ತುವುದು ಎಂದಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು, ಪಾಠ ಉರ್ದುವಿನಲ್ಲಿ. 1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ದಿಕ್ಕು ಬದಲಾಯಿತು. 1958ರಲ್ಲಿ ಕಲಬುರಗಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಸೇಡಮಿನ ಹುಡುಗಿ, ಶಹಾಬಾದಿನ ಹುಡುಗ ಬೆಳಿಗ್ಗೆ ಹೋಗಿ ಸಂಜೆ ಊರಿಗೆ ಮರಳುವಷ್ಟು ಹತ್ತಿರಕ್ಕೆ ಎಂ.ಎ., ಎಂ.ಎಸ್ಸಿ. ಬಂದವು.

ಓದುವ ಮಕ್ಕಳ ಮೇಜಿಗೆ ಕೊನೆಗೂ ತಂತಿ ತಂದ ಕಂಪ್ಯೂಟರ್ ಜಾಲದ ಕಥೆ ಶುರುವಾಗುವುದು ಬೇರೆ ಕಡೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ ರೂಪಿಸಿದರು. ಮೊದಮೊದಲು ಒಂದೇ ದಪ್ಪ ಕೇಬಲ್ಲಿಗೆ ಎಲ್ಲ ಯಂತ್ರಗಳೂ ಜೋತುಬೀಳುತ್ತಿದ್ದವು. ಆಮೇಲೆ ಬಂದ ತೆಳು ಕೇಬಲ್ಲಿನ ಎರಡೂ ತುದಿಗಳಿಗೆ ಟರ್ಮಿನೇಟರ್ ಎಂಬ ಮುಚ್ಚಳ ಬೇಕಿತ್ತು. ಯಾರದಾದರೂ ಕಾಲು ತಾಗಿ ಒಂದು ಜೋಡಣೆ ಸಡಿಲವಾದರೆ ಇಡೀ ಲ್ಯಾಬ್ ನಿಂತುಹೋಗುತ್ತಿತ್ತು. 1990ರಲ್ಲಿ ಹೊಸ ಮಾನದಂಡ ಬಂದು, ಪ್ರತಿ ಯಂತ್ರಕ್ಕೂ ಹಬ್ಬಿನಿಂದ ಅದರದೇ ತಂತಿ ಎಳೆಯುವ ಪದ್ಧತಿ ಶುರುವಾಯಿತು. ನೂರು ಮೀಟರಿನೊಳಗೆ ಎಲ್ಲಿ ಬೇಕಾದರೂ ಗೋಡೆಗೊಂದು ಪೋರ್ಟ್ ಇಡಬಹುದಾಯಿತು. ಹಾಸ್ಟೆಲ್ ಕೋಣೆಯವರೆಗೂ ಜಾಲವನ್ನು ತಂದದ್ದು ಈ ಬದಲಾವಣೆಯೇ.

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆ ಮೊದಲಿಗೆ ಎಂಟು ಸಂಸ್ಥೆಗಳನ್ನು ಬೆಸೆಯಿತು. ಕರ್ನಾಟಕದಿಂದ ಅದರಲ್ಲಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದೇ. ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಅದೂ ದೊಡ್ಡ ನಗರಗಳಲ್ಲಿ. ಮುಂದೆ ಯುಜಿಸಿಯ ಇನ್ಫೋನೆಟ್ ಯೋಜನೆ 2003ರ ಸುಮಾರಿಗೆ ದೇಶದ ವಿಶ್ವವಿದ್ಯಾಲಯಗಳಿಗೆ ಸಂಪರ್ಕ ಕೊಡತೊಡಗಿತು. ಇಡೀ ಕ್ಯಾಂಪಸ್ಸು ಹಂಚಿಕೊಳ್ಳಬೇಕಿದ್ದ ಆ ವೇಗ, ಇಂದು ಒಂದು ಮೊಬೈಲಿಗೆ ಸಿಗುವುದಕ್ಕಿಂತ ಕಡಿಮೆ.

ಆ ಕಾಲದಲ್ಲಿ ತಂತಿ ಜಾಲವಿದ್ದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿಯ ಕಂಪ್ಯೂಟರನ್ನು ಜೋಡಿಸುವುದೊಂದು ವಿಧಿಯೇ ಆಗಿತ್ತು. ಮೊದಲು ನೆಟ್‌ವರ್ಕ್ ಕಾರ್ಡ್ ಕೊಂಡು, ಕ್ಯಾಬಿನೆಟ್ ಬಿಚ್ಚಿ ಕೂರಿಸಬೇಕು. ಆಮೇಲೆ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್ /ಆಲ್’ ಎಂದು ಒತ್ತಿ, ಕಾರ್ಡಿನ ಗುರುತಾದ ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ಅಡ್ರೆಸ್ ಬರೆದುಕೊಳ್ಳಬೇಕು. ಅರ್ಜಿ ತುಂಬಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಕಂಪ್ಯೂಟರ್ ಸೆಂಟರಿಗೆ ಕೊಟ್ಟರೆ ಅವರು ಜಾಲದಲ್ಲಿ ಆ ಯಂತ್ರದ ವಿಳಾಸವಾಗುವ ಒಂದು ಐಪಿ ಅಡ್ರೆಸ್ ಬರೆದುಕೊಡುತ್ತಿದ್ದರು. ಅದರಲ್ಲಿ ಒಂದು ಅಂಕಿ ತಪ್ಪಿದರೂ ಸಂಪರ್ಕವಿಲ್ಲ. ಇನ್ನೊಬ್ಬರ ಅಡ್ರೆಸ್ ಹಾಕಿಕೊಂಡರೆ ಇಬ್ಬರಿಗೂ ತೊಂದರೆ. ಕೇಬಲ್ಲಿನ ತುದಿಯಲ್ಲಿ ಎಂಟು ಎಳೆಗಳನ್ನು ಬಣ್ಣದ ಕ್ರಮಕ್ಕೆ ಜೋಡಿಸಿ ಕ್ರಿಂಪ್ ಮಾಡಲು ಬಲ್ಲ ಹುಡುಗನಿಗೆ ಹಾಸ್ಟೆಲಿನಲ್ಲಿ ಎಲ್ಲಿಲ್ಲದ ಬೇಡಿಕೆ. ಅಡ್ರೆಸ್ಸನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ವ್ಯವಸ್ಥೆ 1993ರಲ್ಲೇ ರೂಪುಗೊಂಡಿದ್ದರೂ ಎಷ್ಟೋ ಕಡೆ ಆಡಳಿತದವರು ಬರೆದುಕೊಡುವ ಪದ್ಧತಿಯನ್ನೇ ನೆಚ್ಚಿಕೊಂಡಿದ್ದರು. ಯಾವ ಕೋಣೆಯಿಂದ ಯಾರು ಏನು ಮಾಡಿದರೆಂದು ತಿಳಿಯಲು ಅದು ಸುಲಭದ ದಾರಿ.

2009 ಈ ಸೀಮೆಗೆ ದೊಡ್ಡ ವರ್ಷ. ಸಂಸತ್ತಿನ ಕಾಯ್ದೆಯಿಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಅದರ ಕ್ಯಾಂಪಸ್ಸು ಎದ್ದಿತು. ಅದೇ ವರ್ಷ ಕೇಂದ್ರ ಸರ್ಕಾರ ಪ್ರತಿ ವಿಶ್ವವಿದ್ಯಾಲಯಕ್ಕೂ ಸೆಕೆಂಡಿಗೆ ಒಂದು ಗಿಗಾಬಿಟ್ ಸಂಪರ್ಕ ಕೊಡುವ ಯೋಜನೆ ಕೈಗೆತ್ತಿಕೊಂಡಿತು. 2010ರ ಮಾರ್ಚಿನಲ್ಲಿ 5,990 ಕೋಟಿ ರೂಪಾಯಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಸಿಕ್ಕಿತು. ಈ ಜಾಲಕ್ಕೆ ಬಳಸಿದ ಫೈಬರಿನಲ್ಲಿ ಬಿಎಸ್‌ಎನ್‌ಎಲ್, ಪವರ್‌ಗ್ರಿಡ್‌ಗಳ ಜೊತೆಗೆ ರೈಲ್‌ಟೆಲ್ ಪಾಲೂ ಇದೆ. 2000ದಲ್ಲಿ ಸ್ಥಾಪನೆಯಾದ ಈ ಕಂಪನಿಯ ಫೈಬರ್ ಓಡುವುದು ರೈಲು ಹಳಿಗಳ ಪಕ್ಕದಲ್ಲೇ. ತಂತಿ ಕಂಬಗಳು ಹಿಡಿದ ಹಾದಿಯನ್ನೇ ಬೆಳಕಿನ ಎಳೆಯೂ ಹಿಡಿಯಿತು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಗೋಡೆಯ ಪೋರ್ಟಿನ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಕಾರಣವಿದೆ. ವಿಶ್ವವಿದ್ಯಾಲಯಗಳು ದುಬಾರಿ ಚಂದಾ ಕೊಟ್ಟು ತರಿಸುವ ಇ-ಜರ್ನಲುಗಳು ಓದುಗನನ್ನು ಗುರುತಿಸಿದ್ದು ಬಹುಮಟ್ಟಿಗೆ ಕ್ಯಾಂಪಸ್ಸಿನ ಐಪಿ ಅಡ್ರೆಸ್ಸಿನಿಂದ. ಆ ಜಾಲಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಪ್ರಬಂಧ ತೆರೆದುಕೊಳ್ಳುತ್ತಿತ್ತು. ಅದೇ ಪ್ರಬಂಧವನ್ನು ವಿದ್ಯಾರ್ಥಿ ಶನಿವಾರ ಚಿಂಚೋಳಿಗೆ ಹೋಗಿ ಮೊಬೈಲಿನಲ್ಲಿ ಒತ್ತಿದರೆ ಹಣ ಕೇಳುತ್ತಿತ್ತು. ಹೊರಗಿನಿಂದಲೂ ಲಾಗಿನ್ ಆಗಿ ಓದುವ ಸೌಲಭ್ಯ ಬಂದದ್ದು ತಡವಾಗಿ. ಅಲ್ಲಿಯವರೆಗೆ ಹಾಸ್ಟೆಲಿನ ಆ ಪೋರ್ಟೇ ಬಡವರ ಮನೆಯ ಸಂಶೋಧಕನಿಗೆ ಜಗತ್ತಿನ ಗ್ರಂಥಭಂಡಾರದ ಬಾಗಿಲು. ದಿನವೂ ರೈಲಿನಲ್ಲಿ ಓಡಾಡುವವರಿಗೆ ಆ ಬಾಗಿಲು ಸಂಜೆಯ ಗಾಡಿಯ ಹೊತ್ತಿಗೆ ಮುಚ್ಚುತ್ತಿತ್ತು. ಹಾಸ್ಟೆಲ್ ಸೀಟಿಗಾಗಿ ನಡೆದ ಹೋರಾಟಗಳನ್ನು ಬರೆಯುವವರು ಈ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲುಗಳು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳೆಲ್ಲ ಇದರ ವ್ಯಾಪ್ತಿಗೆ ಬರುವುದರಿಂದ ಸೇಡಂ, ಚಿತ್ತಾಪುರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಇದರಲ್ಲಿ ಹಕ್ಕಿದೆ. ಪದವಿ ಓದುವ ಮಕ್ಕಳು ಅದನ್ನು ನಿಜವಾಗಿ ಬಳಸಬೇಕಾದರೆ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಸ್ವಿಚ್ಚು, ಕರೆಂಟ್ ಹೋದಾಗ ಅದನ್ನು ನಡೆಸುವ ಯುಪಿಎಸ್, ಮೇಜುಗಳವರೆಗೆ ಎಳೆದ ಕೇಬಲ್ಲು ಮತ್ತು ಇವುಗಳನ್ನು ನೋಡಿಕೊಳ್ಳುವ ಒಬ್ಬ ಕಾಯಂ ಗ್ರಂಥಪಾಲಕ ಬೇಕು.